ಒಂದೇ ಹೆಸರು, ಮೂರು ಕೈ: ‘ಪ್ಲಾನೆಟ್ ಕಾಮಿಕ್ಸ್’ನ ಥಾರ್ನ್‌ಕ್ಲಿಫ್ ಹೆರಿಕ್ ಯಾರು?

ಹಳೇಪುಟ:

ಡಿಜಿಟಲ್ ಕಾಮಿಕ್ ಮ್ಯೂಸಿಯಂ, ಕಾಮಿಕ್ ಬುಕ್ ಪ್ಲಸ್ ಥರದ ತಾಣಗಳಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೇ ಅಮೆರಿಕನ್ ಕಾಮಿಕ್ಸ್‌ಗಳ ಸ್ಕ್ಯಾನ್ ಪುಕ್ಕಟೆ ಸಿಗುತ್ತವಲ್ಲ, ಈಚೆಗೆ ನನಗೆ ಅದೇ ಗೀಳು ಹಿಡಿದಿದೆ. ಸದ್ಯ ‘ಪ್ಲಾನೆಟ್ ಕಾಮಿಕ್ಸ್’ ಓದುತ್ತಿದ್ದೇನೆ. ಫಿಕ್ಷನ್ ಹೌಸ್ ಅನ್ನುವ ಕಂಪನಿಯದು. 1940ರಲ್ಲಿ ಶುರುವಾಗಿ 1953ಕ್ಕೆ ನಿಂತಿತು, ಒಟ್ಟು 73 ಸಂಚಿಕೆ. ನಿಜ ಹೇಳಬೇಕಂದ್ರೆ ಮುಕ್ಕಾಲು ಪಾಲು ಕಥೆಗಳು ಕಸ. ರಾಕೆಟ್ ಹಾರುತ್ತದೆ, ರಾಕ್ಷಸ ಬರುತ್ತಾನೆ, ಹುಡುಗಿ ಕಿರುಚುತ್ತಾಳೆ, ಹೀರೊ ಗುದ್ದುತ್ತಾನೆ, ಮುಗೀತು.

ಆದರೆ ಅದರಲ್ಲೇ ಬರುವ ‘ದಿ ಲಾಸ್ಟ್ ವರ್ಲ್ಡ್’ ಅನ್ನುವ ಸರಣಿಯನ್ನು ಬಿಡೋಕಾಗ್ತಿಲ್ಲ. ವೋಲ್ಟಾಮೆನ್ ಅನ್ನುವ ಪರಗ್ರಹದವರು ಬಂದು ಭೂಮಿಯನ್ನು ಹಾಳುಗೆಡವಿದ್ದಾರೆ. ಊರುಗಳೆಲ್ಲ ಪಾಳುಬಿದ್ದಿವೆ. ಹಂಟ್ ಬೋಮನ್ ಅನ್ನುವವನು ಬರೀ ಬಿಲ್ಲು ಬಾಣ ಹಿಡಿದು ಆ ಪಾಳಿನಲ್ಲಿ ಅವರ ಜೊತೆ ಕಾದಾಡುತ್ತಾನೆ. ಜೊತೆಗೆ ಲಿಸಾ ಅನ್ನುವವಳು. ಈ ವೋಲ್ಟಾಮೆನ್ ಮಾತಾಡುವ ರೀತಿಯೇ ಒಂದು ಮಜಾ. ವಾಕ್ಯದ ಪದಗಳನ್ನೆಲ್ಲ ಹಿಂದುಮುಂದು ಮಾಡಿಕೊಂಡು ಬೆದರಿಸುತ್ತಾರೆ!

ಈಗ ಪ್ರಶ್ನೆಗೆ ಬರ್ತೀನಿ. ಕಥೆಯ ಮೊದಲ ಪುಟದಲ್ಲಿ ಥಾರ್ನ್‌ಕ್ಲಿಫ್ ಹೆರಿಕ್ ಅಂತ ಹೆಸರು ಅಚ್ಚಾಗಿದೆ. ಬೇರೆ ಬೇರೆ ವರ್ಷದ ಮೂರು ಸಂಚಿಕೆಗಳನ್ನು ಪಕ್ಕಪಕ್ಕ ತೆರೆದು ನೋಡಿದೆ. ಹೆಸರು ಅದೇ, ಚಿತ್ರ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದರಲ್ಲಿ ಕಪ್ಪು ಮಸಿ ಸುರಿದಿದ್ದಾರೆ, ನೆರಳೇ ಜಾಸ್ತಿ. ಇನ್ನೊಂದರಲ್ಲಿ ಗೆರೆ ಬಹಳ ನಾಜೂಕು. ಹೆಂಗಸರ ಕೂದಲು, ರೆಪ್ಪೆ, ಬಟ್ಟೆಯ ಅಂಚನ್ನೆಲ್ಲ ಇಷ್ಟಪಟ್ಟು ಬಿಡಿಸಿದ್ದಾರೆ ಅನ್ನಿಸುತ್ತದೆ. ಮೂರನೆಯದರಲ್ಲಿ ಯಂತ್ರಗಳು ಎದ್ದು ಕಾಣುತ್ತವೆ, ಪ್ರತಿ ಬೋಲ್ಟೂ ಅದರ ಜಾಗದಲ್ಲೇ ಇದೆ. ಈ ಹೆರಿಕ್ ಬಗ್ಗೆ ಹುಡುಕಿದರೆ ಹುಟ್ಟಿದ್ದಿಲ್ಲ, ಸತ್ತದ್ದಿಲ್ಲ, ಫೋಟೊ ಇಲ್ಲ, ಏನೂ ಇಲ್ಲ.

ಇವರು ಯಾರು? ಇಂಥ ಕಥೆಗಳನ್ನು ನಿಜವಾಗಿ ಯಾರು ಮಾಡಿದರು ಅಂತ ತಿಳಿಯೋದು ಹೇಗೆ? ಇನ್ನೊಂದು, ಸ್ವಲ್ಪ ದಡ್ಡ ಪ್ರಶ್ನೆ: ಎಂಬತ್ತು ವರ್ಷದ ಹಿಂದಿನ ಅಗ್ಗದ ಕಾಮಿಕ್ಸ್ ಬರೆದವರ ಹೆಸರು ಗೊತ್ತಾಗಿ ಆಗಬೇಕಾದ್ದೇನು? ಕಥೆ ಓದಿ ಖುಷಿಪಟ್ಟರೆ ಸಾಲದೇ ಅಂತ ಮನೆಯವರು ಕೇಳುತ್ತಿದ್ದಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಮಸಿಬೆರಳು:

ಹೆರಿಕ್ ಅನ್ನುವ ಮನುಷ್ಯನೇ ಇಲ್ಲ. ಹುಡುಕೋದು ಬಿಡಿ.

ಅದು ಕಂಪನಿ ಇಟ್ಟುಕೊಂಡಿದ್ದ ಹೆಸರು. ಫಿಕ್ಷನ್ ಹೌಸ್‌ನವರು ಕಾಮಿಕ್ಸ್‌ಗೆ ಇಳಿಯುವ ಮುಂಚೆ ಅಗ್ಗದ ಕಾಗದದ ಕಥಾಪತ್ರಿಕೆ ಮಾಡುತ್ತಿದ್ದರು. ಅಲ್ಲಿ ಈ ಚಾಳಿ ಹಳೆಯದು. ಅವರದೇ ಶೀನಾ ಸರಣಿ ನೋಡಿ, ಅದರ ಮೇಲೆ ಡಬ್ಲ್ಯೂ. ಮೋರ್ಗನ್ ಥಾಮಸ್ ಅಂತ ಇರುತ್ತದೆ. ಅವನೂ ಇಲ್ಲ. ಫಾಕ್ಸ್ ಕಂಪನಿಯ ‘ಫ್ಯಾಂಟಮ್ ಲೇಡಿ’ ಮೇಲೆ ಗ್ರೆಗರಿ ಪೇಜ್ ಅಂತ ಇರುತ್ತದೆ. ಅವನೂ ಸುಳ್ಳೇ. ಆ ಹೆಸರಿನ ಹಿಂದೆ ಕೂತು ಬಿಡಿಸಿದವರು ಮ್ಯಾಟ್ ಬೇಕರ್. ಆ ಕಾಲದ ಅಮೆರಿಕನ್ ಕಾಮಿಕ್ಸ್‌ನಲ್ಲಿ ಕೆಲಸ ಮಾಡಿದ ಬೆರಳೆಣಿಕೆಯ ಕಪ್ಪು ಕಲಾವಿದರಲ್ಲಿ ಒಬ್ಬರು. 1959ರಲ್ಲಿ, ನಲವತ್ತು ತುಂಬುವ ಮುಂಚೆಯೇ ತೀರಿಕೊಂಡರು.

ಯಾಕೆ ಹೀಗೆ ಮಾಡುತ್ತಿದ್ದರು ಅಂದರೆ, ಅನುಕೂಲ. ಕಲಾವಿದ ಬಿಟ್ಟು ಹೋದ, ಯುದ್ಧಕ್ಕೆ ಸೇರಿದ, ಜಾಸ್ತಿ ದುಡ್ಡು ಕೇಳಿದ, ಏನೇ ಆಗಲಿ, ಹೆರಿಕ್ ಮಾತ್ರ ಅಲ್ಲೇ ಇರುತ್ತಾನೆ. ಹೆರಿಕ್ ಸಂಬಳ ಕೇಳಲ್ಲ. ನಾಳೆ ಬಂದು ಈ ಪಾತ್ರ ನನ್ನದು ಅಂತಲೂ ಹೇಳಲ್ಲ.

ಇನ್ನೊಂದು ತೊಡಕು: ಆಗ ಕಾಮಿಕ್ಸ್ ತಯಾರಾಗುತ್ತಿದ್ದದ್ದೇ ಬೇರೆ ಥರ. ಪ್ರಕಾಶಕರು ಹೊರಗಿನ ಸ್ಟುಡಿಯೊಗಳಿಂದ ಅಚ್ಚಿಗೆ ಸಿದ್ಧವಾದ ಪುಟಗಳನ್ನು ಕೊಳ್ಳುತ್ತಿದ್ದರು. ಫಿಕ್ಷನ್ ಹೌಸ್‌ಗೆ ಮೊದಲು ವಿಲ್ ಐಸ್ನರ್ ಮತ್ತು ಜೆರಿ ಐಗರ್ ಸೇರಿ ನಡೆಸುತ್ತಿದ್ದ ಸ್ಟುಡಿಯೊದಿಂದ, ಐಸ್ನರ್ ಬಿಟ್ಟಮೇಲೆ ಐಗರ್ ಒಬ್ಬರ ಸ್ಟುಡಿಯೊದಿಂದ ಪುಟಗಳು ಬರುತ್ತಿದ್ದವು. ಒಬ್ಬರು ಪೆನ್ಸಿಲ್, ಇನ್ನೊಬ್ಬರು ಮಸಿ, ಮತ್ತೊಬ್ಬರು ಹಿನ್ನೆಲೆ, ಮಾತಿನ ಬಲೂನಿನ ಅಕ್ಷರಕ್ಕೆ ಬೇರೆಯೇ ಕೈ. ಹಾಗಾಗಿ ‘ಯಾರು ಬಿಡಿಸಿದ್ದು’ ಅಂತ ಕೇಳಿದರೆ ಒಂದೇ ಪುಟಕ್ಕೆ ನಾಲ್ಕು ಉತ್ತರ ಇರಬಹುದು.

ಈಗ ನಿಮ್ಮ ಮೂರು ಕೈ. ಸಂಚಿಕೆ ಸಂಖ್ಯೆ ಹಾಕಿಲ್ಲ, ದಯವಿಟ್ಟು ಹಾಕಿ. ಆದರೂ ನೀವು ಹೇಳಿದ್ದು ಕೇಳಿದರೆ ಅಂದಾಜು ಸಿಗುತ್ತದೆ. ಈ ಸರಣಿಯನ್ನು ಮೊದಲು ಬಿಡಿಸಿದವರು ರೂಡಿ ಪಲೈಸ್. ಆಮೇಲೆ ಗ್ರಹಾಂ ಇಂಗೆಲ್ಸ್, ಲಿಲಿ ರೆನೆ, ಜಾರ್ಜ್ ಇವಾನ್ಸ್ ಕೈಗೆಲ್ಲ ಹೋಯಿತು. ನಾಜೂಕು ಗೆರೆ ಅಂದಿರಲ್ಲ, ಅದು ಲಿಲಿ ರೆನೆ ಅಂತ ಪುಟ ನೋಡದೆಯೂ ಹೇಳಬಹುದು. ಬೋಲ್ಟು ಬೋಲ್ಟೂ ಸರಿ ಇದ್ದರೆ ಇವಾನ್ಸ್. ವಿಮಾನ ಅಂದರೆ ಜೀವ ಬಿಡುತ್ತಿದ್ದ ಮನುಷ್ಯ ಅವರು. ಕಪ್ಪು ಮಸಿ ಇಂಗೆಲ್ಸ್ ಇರಬಹುದು, ಪಲೈಸ್ ಕೂಡ ಇರಬಹುದು, ಅದಕ್ಕೇ ಸಂಖ್ಯೆ ಬೇಕು.

ಹೇಗೆ ಗುರುತು ಹಿಡಿಯೋದು ಅಂತ ಕೇಳಿದ್ರಿ. ಎಲ್ಲರೂ ಮೊದಲು ಮುಖ ನೋಡುತ್ತಾರೆ. ಮುಖ ನೋಡಬೇಡಿ. ಹೀರೊ ಮುಖ ಹೀಗೇ ಇರಬೇಕು ಅಂತ ಸ್ಟುಡಿಯೊದಲ್ಲಿ ಮಾದರಿ ಹಾಳೆ ಇರುತ್ತಿತ್ತು, ಹೊಸಬರು ಹಳಬರನ್ನು ನಕಲು ಮಾಡುತ್ತಿದ್ದರು. ಕಿವಿ ನೋಡಿ. ಬೆರಳು ನೋಡಿ. ಮೊಣಕೈ ಮಡಿಚಿದಲ್ಲಿ ಬಟ್ಟೆಯ ಸುಕ್ಕು ಹೇಗೆ ಬೀಳುತ್ತದೆ ನೋಡಿ. ಕೈಬರಹದ ಹಾಗೆ, ಗಮನ ಕೊಡದೆ ಬಿಡಿಸುವ ಜಾಗದಲ್ಲೇ ಮನುಷ್ಯ ಸಿಕ್ಕಿಬೀಳೋದು. ಮೂಲೆಯಲ್ಲಿ ಸುಮ್ಮನೆ ನಿಂತಿರುವ ಕಾವಲುಗಾರನ ಕಿವಿ ಯಾವ ಸಂಪಾದಕನೂ ತಿದ್ದಿಸಲ್ಲ.

ಹಾಗೇ ಹಿನ್ನೆಲೆ. ಹೆಸರು ಹಾಕಲು ಬಿಡದ ಕಡೆ ಕೆಲವರು ಅಂಗಡಿಯ ಬೋರ್ಡಿನ ಮೇಲೆ, ಪೆಟ್ಟಿಗೆಯ ಮೇಲೆ, ಸಮಾಧಿ ಕಲ್ಲಿನ ಮೇಲೆಲ್ಲ ಸಹಿ ತುರುಕುತ್ತಿದ್ದರು. ಸ್ಕ್ಯಾನನ್ನು ಹಿಗ್ಗಿಸಿ ನೋಡಿದರೆ ಕಾಣುತ್ತದೆ.

ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ ನೋಡಿದ್ದೀರಾ? 1994ರಿಂದ ಸ್ವಯಂಸೇವಕರೇ ಕಟ್ಟುತ್ತಿರುವುದು. ಸಂಚಿಕೆ ಸಂಚಿಕೆಗೂ, ಒಳಗಿನ ಕಥೆ ಕಥೆಗೂ ಪೆನ್ಸಿಲ್ ಯಾರು, ಮಸಿ ಯಾರು, ಬರವಣಿಗೆ ಯಾರು ಅಂತ ದಾಖಲೆ ಇದೆ. ಖಾತ್ರಿ ಇಲ್ಲದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿರುತ್ತಾರೆ. ಆ ಚಿಹ್ನೆ ಕಂಡರೆ ನನಗೆ ಅವರ ಮೇಲೆ ನಂಬಿಕೆ ಇನ್ನೂ ಜಾಸ್ತಿ ಆಗುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಆಮೇಲೆ ಬರ್ತೀನಿ. ಅದು ದಡ್ಡ ಪ್ರಶ್ನೆ ಅಲ್ಲ.

ಅಂಚುಗೆರೆ:

ಲಿಲಿ ರೆನೆ ಹೆಸರು ಬಂತಲ್ಲ, ಸುಮ್ಮನಿರೋಕೆ ಆಗ್ತಿಲ್ಲ. ಇವರ ಕಥೆ ಅವರು ಬಿಡಿಸಿದ ಕಾಮಿಕ್ಸ್‌ಗಿಂತ ದೊಡ್ಡದು.

1921ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹುಡುಗಿ. ನಾಜಿಗಳು ಆಸ್ಟ್ರಿಯಾಕ್ಕೆ ನುಗ್ಗಿದ ಮೇಲೆ, ಯಹೂದಿ ಮಕ್ಕಳನ್ನು ರೈಲು ಹತ್ತಿಸಿ ಇಂಗ್ಲೆಂಡಿಗೆ ಕಳಿಸುತ್ತಿದ್ದರಲ್ಲ, ಹಾಗೆ ತಪ್ಪಿಸಿಕೊಂಡು ಬಂದವರು. ಅಪ್ಪ ಅಮ್ಮ ಮತ್ತೆ ಸಿಕ್ಕಿದ್ದು ನ್ಯೂಯಾರ್ಕಿನಲ್ಲಿ. ಕೈಯಲ್ಲಿ ಕಾಸಿಲ್ಲ. ಕಾಮಿಕ್ಸ್ ಬಿಡಿಸುವವರು ಬೇಕು ಅಂತ ಪೇಪರಿನಲ್ಲಿ ಬಂದ ಜಾಹೀರಾತನ್ನು ಅವರಮ್ಮ ನೋಡಿದರು. ಹಾಗೆ ಫಿಕ್ಷನ್ ಹೌಸ್ ಸೇರಿದರು. ಮೊದಲು ಕೊಟ್ಟ ಕೆಲಸ, ಬೇರೆಯವರು ಮಸಿ ಹಾಕಿದ ಪುಟದಿಂದ ಪೆನ್ಸಿಲ್ ಗೆರೆ ಅಳಿಸೋದು. ಆಮೇಲೆ ಹಿನ್ನೆಲೆ. ಆಮೇಲೆ ಪೂರ್ತಿ ಕಥೆಗಳು. ‘ಸೆನ್ಯೊರಿಟಾ ರಿಯೊ’ ಅನ್ನುವ ಸರಣಿಯಲ್ಲಿ ನಾಯಕಿ ಗೂಢಚಾರಿಣಿ, ನಾಜಿಗಳನ್ನು ಬೇಟೆಯಾಡುತ್ತಾಳೆ. ಅದನ್ನು ಬಿಡಿಸುತ್ತಿದ್ದವರು ನಾಜಿಗಳಿಂದ ಓಡಿಬಂದ ಹುಡುಗಿ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ಎಲ್. ರೆನೆ ಅಂತ ಸಹಿ ಮಾಡುತ್ತಿದ್ದರು. ಹಾಗಾಗಿ ಓದುಗರ ಕಾಗದಗಳು ‘ಮಿಸ್ಟರ್ ರೆನೆ’ ಹೆಸರಿಗೆ ಬರುತ್ತಿದ್ದವಂತೆ.

ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಆ ಕಂಪನಿಯಲ್ಲಿ ಹೆಂಗಸರು ಬಹಳ ಜನ ಇದ್ದರು. ಫ್ರಾನ್ ಹಾಪರ್, ರೂತ್ ಅಟ್ಕಿನ್ಸನ್, ಮಾರ್ಸಿಯಾ ಸ್ನೈಡರ್. ಐಗರ್ ಸ್ಟುಡಿಯೊದಲ್ಲಿ ಬರೆಯುತ್ತಿದ್ದ, ಸಂಪಾದನೆ ನೋಡಿಕೊಳ್ಳುತ್ತಿದ್ದ ರೂತ್ ರೋಷ್ ಬೇರೆ. ಯುದ್ಧ ಮುಗಿಯಿತು, ಗಂಡಸರು ವಾಪಸ್ ಬಂದರು, ಇವರಲ್ಲಿ ಬಹಳ ಜನ ಈ ಕೆಲಸ ಬಿಟ್ಟರು. ಲಿಲಿಯೂ ಬಿಟ್ಟರು. ಎಷ್ಟೋ ವರ್ಷ ಕಾಮಿಕ್ಸ್ ಲೋಕಕ್ಕೆ ಅವರು ಬರೀ ಒಂದು ಸಹಿ. ಟ್ರಿನಾ ರಾಬಿನ್ಸ್ ಅನ್ನುವ ಕಲಾವಿದೆ, ಕಾಮಿಕ್ಸ್‌ನಲ್ಲಿ ಕೆಲಸ ಮಾಡಿದ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಹುಡುಕುತ್ತಿದ್ದವರು, ಇವರ ಬದುಕನ್ನು ಹೊರಗೆ ತಂದರು. 2011ರಲ್ಲಿ ಅದನ್ನೇ ಒಂದು ಕಾಮಿಕ್ಸ್ ಪುಸ್ತಕವಾಗಿ ಬರೆದರು. ಲಿಲಿ 2022ರವರೆಗೆ ಬದುಕಿದ್ದರು, ನೂರೊಂದು ವರ್ಷ. ತಮ್ಮನ್ನು ಜನ ನೆನಪಿಟ್ಟುಕೊಂಡಿದ್ದಾರೆ ಅಂತ ಕಣ್ಣಾರೆ ನೋಡಿ ಹೋದರು. ಈ ಲೋಕದಲ್ಲಿ ಅಂಥ ಅದೃಷ್ಟ ಬಹಳ ಕಡಿಮೆ ಜನಕ್ಕೆ.

ಹಳೇಪುಟ, ಹೆಸರು ಯಾಕೆ ಬೇಕು ಅಂತ ನಿಮ್ಮ ಮನೆಯವರು ಇನ್ನೊಂದ್ಸಲ ಕೇಳಿದರೆ ಆ ನಾಜೂಕು ಗೆರೆಯ ಪುಟ ತೋರಿಸಿ ಇದನ್ನು ಹೇಳಿ.

ಹಳೇಪುಟ:

ಅಬ್ಬಾ. ಹೇಳಿದೆ. ಈಗ ಅವರೂ ಪಕ್ಕದಲ್ಲಿ ಕೂತು ಪುಟ ಹಿಗ್ಗಿಸಿ ನೋಡುತ್ತಿದ್ದಾರೆ.

ಪಾಳು ಊರು, ಬಿಟ್ಟು ಓಡುವ ಜನ, ಹೆಲ್ಮೆಟ್ ಹಾಕಿದ ಆಕ್ರಮಣಕಾರರು, ಇವನ್ನೆಲ್ಲ ಬಿಡಿಸುವಾಗ ಆಕೆಗೆ ಏನನ್ನಿಸಿರಬಹುದು? ಈಗ ಆ ಕಥೆಗಳು ಬೇರೆಯೇ ಥರ ಕಾಣುತ್ತಿವೆ.

ಇಂಗೆಲ್ಸ್ ಮತ್ತು ಇವಾನ್ಸ್ ಏನಾದರು? ಅವರೂ ಹೀಗೇ ಕಾಣೆಯಾದರಾ? ಬರೆದವರು ಯಾರು ಅನ್ನೋದು ಇನ್ನೂ ಗೊತ್ತಾಗಿಲ್ಲ. ಆ ಹಿಂದುಮುಂದು ಮಾತು ಯಾರ ತಲೆಗೆ ಹೊಳೆಯಿತೋ!

ಮಸಿಬೆರಳು:

ಅಂಚುಗೆರೆ ಹೇಳಿದ್ದು ಸರಿ. ಒಂದೇ ಎಚ್ಚರಿಕೆ: ಕಥಾವಸ್ತು ಆಕೆಯದಲ್ಲ. ಪಾಳು ಭೂಮಿ, ವೋಲ್ಟಾಮೆನ್ ಎಲ್ಲ ಆಕೆ ಬರುವ ಮುಂಚೆಯೇ ಇತ್ತು. ಬದುಕಿನ ಕಥೆ ಗೊತ್ತಾದ ಕೂಡಲೇ ಪ್ರತಿ ಚೌಕದಲ್ಲೂ ಅದನ್ನೇ ಹುಡುಕೋಕೆ ಶುರು ಮಾಡ್ತೀವಿ. ನನಗೂ ಆ ಆಸೆ ಬರುತ್ತದೆ, ಆದರೂ ಗೆರೆ ಯಾರದು, ಕಥೆ ಯಾರದು ಅನ್ನೋದನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು.

ಇವಾನ್ಸ್ ಕಾಣೆಯಾಗಲಿಲ್ಲ. ಇಸಿ ಕಂಪನಿಗೆ ಹೋದರು, ಅಲ್ಲಿ ಮೊದಲ ಮಹಾಯುದ್ಧದ ವಿಮಾನಗಳ ಕಥೆಗಳನ್ನು ಮನಸಾರೆ ಬಿಡಿಸಿದರು. ಆಮೇಲೆ ದಿನಪತ್ರಿಕೆಯ ‘ಸೀಕ್ರೆಟ್ ಏಜೆಂಟ್ ಕಾರಿಗನ್’ ಕಾಮಿಕ್ ಸ್ಟ್ರಿಪ್ಪನ್ನು 1996ರವರೆಗೆ ನಡೆಸಿದರು.

ಇಂಗೆಲ್ಸ್ ಕಥೆ ಬೇರೆ. ಅವರೂ ಇಸಿಗೇ ಹೋದದ್ದು. ‘ಹಾಂಟ್ ಆಫ್ ಫಿಯರ್’ ಅನ್ನುವ ಭಯಾನಕ ಕಾಮಿಕ್ಸ್‌ನ ಮುದಿ ಮಾಟಗಾತಿಯ ಕಥೆಗಳೆಲ್ಲ ಅವರವೇ. ‘ಘಾಸ್ಟ್ಲಿ’ ಅಂತ ಸಹಿ. ಕೊಳೆತ ಹೆಣ, ಬಾಯಿಂದ ಇಳಿಯುವ ಜೊಲ್ಲು, ಗೂನು ಬೆನ್ನಿನ ಮುದುಕರು. ಇದರಲ್ಲಿ ಅವರನ್ನು ಮೀರಿಸಿದವರು ಇಲ್ಲ ಅಂತ ನನ್ನ ಅಭಿಪ್ರಾಯ. 1954ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಕಾಮಿಕ್ಸ್‌ನಿಂದ ಮಕ್ಕಳು ಹಾಳಾಗ್ತಿದ್ದಾರೆ ಅಂತ ವಿಚಾರಣೆ ನಡೀತು. ಅದೇ ವರ್ಷ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ಅಂತ ನಿಯಮ ಮಾಡಿಕೊಂಡರು. ಭಯಾನಕ ಕಥೆಗಳಿಗೆ ಅಲ್ಲಿಗೆ ಮಂಗಳ. ಹೆಣ ಬಿಡಿಸೋದೇ ಕಸುಬಾಗಿದ್ದವನಿಗೆ ಕೆಲಸ ಎಲ್ಲಿ? ಕಲೆ ಕಲಿಸೋಕೆ ಹೋದರು, ಕೊನೆಗೆ ಫ್ಲಾರಿಡಾ ಸೇರಿ ಪೇಂಟಿಂಗ್ ಪಾಠ ಹೇಳಿಕೊಂಡು ಇದ್ದರು. ಅಭಿಮಾನಿಗಳು ಹುಡುಕಿಕೊಂಡು ಹೋದರೆ ಹಳೇ ವಿಷಯ ಮಾತಾಡಲು ಇಷ್ಟಪಡುತ್ತಿರಲಿಲ್ಲ. 1991ರಲ್ಲಿ ತೀರಿಕೊಂಡರು. ಎಲ್ಲರಿಗೂ ಮತ್ತೆ ಬೆಳಕಿಗೆ ಬರಬೇಕು ಅಂತ ಇರಲ್ಲ. ಲಿಲಿಯ ಕಥೆ ಪಕ್ಕ ಇದನ್ನೂ ಇಟ್ಟುಕೊಳ್ಳಬೇಕು.

ಈಗ ‘ಹೆಸರು ಗೊತ್ತಾಗಿ ಆಗಬೇಕಾದ್ದೇನು’ ಅನ್ನೋದು. ಇದಕ್ಕೆ ನನ್ನ ಹತ್ತಿರ ಎರಡು ಉತ್ತರ ಇವೆ, ಎರಡೂ ಒಂದಕ್ಕೊಂದು ಜಗಳ ಆಡುತ್ತವೆ.

ಮೊದಲನೆಯದು ಕಾರ್ಲ್ ಬಾರ್ಕ್ಸ್. ಡೊನಾಲ್ಡ್ ಡಕ್ ಕಾಮಿಕ್ಸ್ ಮೇಲೆ ವಾಲ್ಟ್ ಡಿಸ್ನಿ ಹೆಸರು ಬಿಟ್ಟರೆ ಬೇರೆ ಹೆಸರೇ ಇರುತ್ತಿರಲಿಲ್ಲ. ಎಷ್ಟೋ ಜನ ಬಿಡಿಸುತ್ತಿದ್ದರು. ಆದರೆ ಓದುವ ಮಕ್ಕಳು ಅದರಲ್ಲಿ ಒಬ್ಬನನ್ನು ಗುರುತು ಹಿಡಿದಿದ್ದರು. ಹೆಸರು ಗೊತ್ತಿಲ್ಲ, ಅದಕ್ಕೆ ಬರೀ ‘ಚೆನ್ನಾಗಿ ಬಿಡಿಸುವವನು’ ಅನ್ನುತ್ತಿದ್ದರು. ಹೊಸ ಸಂಚಿಕೆ ಬಂದರೆ ಅವನದಾ ಅಂತ ಮೊದಲು ನೋಡೋದು. 1960ರ ಸುಮಾರಿಗೆ ಅಭಿಮಾನಿಗಳು ಅಂತೂ ಹೆಸರು ಪತ್ತೆ ಮಾಡಿ ಕಾಗದ ಬರೆದರು. ಅಷ್ಟೊತ್ತಿಗೆ ಬಾರ್ಕ್ಸ್ ಹದಿನೇಳು-ಹದಿನೆಂಟು ವರ್ಷದಿಂದ ಆ ಕೆಲಸ ಮಾಡುತ್ತಿದ್ದರು! ಅಂಕಲ್ ಸ್ಕ್ರೂಜ್ ಪಾತ್ರವನ್ನು 1947ರಲ್ಲಿ ಹುಟ್ಟಿಸಿದವರೂ ಅವರೇ. ಅಂದ ಮೇಲೆ ಕಣ್ಣಿದ್ದವರಿಗೆ ಹೆಸರಿಲ್ಲದೆಯೂ ಕೈ ಗೊತ್ತಾಗುತ್ತದೆ. ಹೆಸರು ಬೇಕಾದದ್ದು ಬಾರ್ಕ್ಸ್‌ಗೆ. ತನ್ನನ್ನು ಯಾರಾದರೂ ಓದುತ್ತಿದ್ದಾರಾ ಅಂತ ಅವರಿಗೆ ತಿಳಿಯಬೇಡವಾ?

ಎರಡನೆಯದು ಫ್ಲೆಚರ್ ಹ್ಯಾಂಕ್ಸ್. ಇವರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದರೆ ದಾಟಿ ಹೋಗಿ.

1939ರಿಂದ 1941ರವರೆಗೆ ಮಾತ್ರ ಕಾಮಿಕ್ಸ್ ಮಾಡಿದ ಮನುಷ್ಯ. ಬರೆಯೋದು, ಬಿಡಿಸೋದು, ಮಸಿ ಹಾಕೋದು, ಅಕ್ಷರ ಎಲ್ಲ ಒಬ್ಬರೇ. ನಾನು ಮೇಲೆ ಹೇಳಿದ ಸ್ಟುಡಿಯೊ ಪದ್ಧತಿಯ ನಡುವೆ ಹಾಗೆ ಒಂಟಿಯಾಗಿ ಮಾಡಿದವರು ಅಪರೂಪ. ಅವರ ‘ಸ್ಟಾರ್‌ಡಸ್ಟ್’ ಅನ್ನುವ ಹೀರೊ ಬಾಹ್ಯಾಕಾಶದಲ್ಲಿ ಇರುತ್ತಾನೆ, ಭೂಮಿಯ ಮೇಲೆ ಯಾರು ಏನು ಪಿತೂರಿ ಮಾಡಿದರೂ ಅಲ್ಲಿಂದಲೇ ಗೊತ್ತಾಗುತ್ತದೆ. ಹೋರಾಟ ಅನ್ನೋದೇ ಇಲ್ಲ. ಬಂದ, ಹಿಡಿದ, ಶಿಕ್ಷೆ ಕೊಟ್ಟ. ಕಥೆಯ ಅರ್ಧ ಪುಟಗಳು ಶಿಕ್ಷೆಗೇ ಮೀಸಲು. ಒಂದು ಕಥೆಯಲ್ಲಿ ಖಳನ ಮೈಯನ್ನೆಲ್ಲ ಕರಗಿಸಿ ಬರೀ ತಲೆ ಉಳಿಸುತ್ತಾನೆ. ಆ ತಲೆಯನ್ನು ಬಾಹ್ಯಾಕಾಶದಲ್ಲಿರುವ ತಲೆಯಿಲ್ಲದ ಒಬ್ಬ ದೈತ್ಯನ ಕಡೆ ಎಸೆಯುತ್ತಾನೆ. ದೈತ್ಯ ಅದನ್ನು ಹಿಡಿದು ಕುತ್ತಿಗೆಯ ಮೇಲೆ ಇಟ್ಟುಕೊಳ್ಳುತ್ತಾನೆ. ತಲೆ ಕುತ್ತಿಗೆಯೊಳಗೆ ನಿಧಾನ ಇಳಿದು ಮಾಯವಾಗುತ್ತದೆ. ಚಿತ್ರಗಳು ಸೆಟೆದುಕೊಂಡು ನಿಂತಿರುತ್ತವೆ, ಅಂಗಾಂಗ ಅಳತೆ ತಪ್ಪಿರುತ್ತದೆ, ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಆದರೂ ಕನಸಿನಲ್ಲಿ ಬರುವಂಥ ಚಿತ್ರಗಳು. ಇನ್ನೊಂದು ಪಾತ್ರ ಫ್ಯಾಂಟೋಮಾ, ಕಾಡಿನ ಸುಂದರಿ. ಸಿಟ್ಟು ಬಂದರೆ ಮುಖ ತಲೆಬುರುಡೆ ಆಗುತ್ತದೆ, ಹೊನ್ನಿನ ಬಣ್ಣದ ಕೂದಲು ಮಾತ್ರ ಹಾಗೇ ಇರುತ್ತದೆ.

ನಲವತ್ತು ವರ್ಷ ಯಾರೂ ಕೇಳಲಿಲ್ಲ. 1980ರ ದಶಕದಲ್ಲಿ ‘ರಾ’ ಅನ್ನುವ ಕಾಮಿಕ್ಸ್ ಪತ್ರಿಕೆಯವರು ಒಂದು ಕಥೆ ಮರುಮುದ್ರಿಸಿದರು. ಆ ಪತ್ರಿಕೆಯಲ್ಲಿದ್ದ ಪಾಲ್ ಕರಾಸಿಕ್ ಈ ಮನುಷ್ಯ ಯಾರು ಅಂತ ಬೆನ್ನು ಹತ್ತಿದರು. ಅದೇ ಹೆಸರಿನ ಒಬ್ಬರು ಸಿಕ್ಕರು, ಆದರೆ ಅವರು ಮಗ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. ಅಪ್ಪನ ಬಗ್ಗೆ ಅವರು ಹೇಳಿದ್ದು: ಕುಡುಕ, ಹೆಂಡತಿ ಮಕ್ಕಳನ್ನು ಹೊಡೆಯುತ್ತಿದ್ದ, ಮನೆ ಬಿಟ್ಟು ಹೋದ. ಹ್ಯಾಂಕ್ಸ್ 1976ರಲ್ಲಿ ನ್ಯೂಯಾರ್ಕಿನ ಪಾರ್ಕ್ ಬೆಂಚಿನ ಮೇಲೆ ಚಳಿಯಲ್ಲಿ ಸತ್ತು ಬಿದ್ದಿದ್ದರು. ಕರಾಸಿಕ್ 2007ರಲ್ಲಿ ತಂದ ಸಂಕಲನದ ಕೊನೆಗೆ ಆ ಭೇಟಿಯನ್ನೇ ಕಾಮಿಕ್ಸ್ ಮಾಡಿ ಸೇರಿಸಿದ್ದಾರೆ. ಆ ಪುಸ್ತಕಕ್ಕೆ ಮರುವರ್ಷ ಐಸ್ನರ್ ಪ್ರಶಸ್ತಿ ಬಂತು, ಅಮೆರಿಕದಲ್ಲಿ ಕಾಮಿಕ್ಸ್‌ಗೆ ಕೊಡುವ ದೊಡ್ಡ ಪ್ರಶಸ್ತಿ ಅದು.

ಈಗ ಹೇಳಿ. ಕೆಟ್ಟವರಿಗೆ ಭಯಂಕರ ಶಿಕ್ಷೆ ಕೊಡುವ ಆ ಕಥೆಗಳನ್ನು ಮೊದಲಿನ ಹಾಗೆ ನಕ್ಕೊಂಡು ಓದೋಕಾಗುತ್ತಾ? ನನಗೆ ಆಗಲ್ಲ. ಹೆಸರು ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತೇನೋ ಅಂತ ಒಂದೊಂದ್ಸಲ ಅನ್ನಿಸುತ್ತದೆ. ಹಾಗಂತ ಓದೋದೂ ಬಿಟ್ಟಿಲ್ಲ.

ಖಾಲಿಬಲೂನು:

ಎಲ್ಲ ಸರಿ ಮಾರಾಯ್ರೇ, ಆದರೆ ನೀವೆಲ್ಲ ಗೆರೆ, ಕಿವಿ, ಸುಕ್ಕು ಅಂತ ಚಿತ್ರದವರ ಹಿಂದೆಯೇ ಬಿದ್ದಿದ್ದೀರಿ. ಹಳೇಪುಟ ಅವರು ಬರೆದವರು ಯಾರು ಅಂತಲೂ ಕೇಳಿದರಲ್ಲ, ಅದಕ್ಕೆ ಯಾರೂ ಬಾಯಿಬಿಡಲಿಲ್ಲ. ಯಾವಾಗಲೂ ಹೀಗೇ ಆಗೋದು.

ಚಿತ್ರದವನಿಗೆ ಸಹಿ ಅಡಗಿಸೋಕೆ ಪೆಟ್ಟಿಗೆ ಇದೆ, ಗೋಡೆ ಇದೆ. ಬರೆದವನು ಎಲ್ಲಿ ಅಡಗಿಸಬೇಕು? ಅವನು ಟೈಪ್ ಮಾಡಿಕೊಟ್ಟ ಹಾಳೆ ಕೆಲಸ ಮುಗಿದ ಮೇಲೆ ಕಸದ ಬುಟ್ಟಿಗೆ. ಅವನ ಅಕ್ಷರವನ್ನು ಪುಟದ ಮೇಲೆ ಬರೆಯೋದೂ ಇನ್ನೊಬ್ಬನೇ. ಕೈಗುರುತು ಒಂದೂ ಉಳಿಯಲ್ಲ.

ಬಿಲ್ ಫಿಂಗರ್ ನೋಡಿ. 1939ರಲ್ಲಿ ಬಂದ ಬ್ಯಾಟ್‌ಮ್ಯಾನ್‌ನ ಮೊದಲ ಕಥೆ ಬರೆದದ್ದು ಅವರು. ಆ ಮುಸುಕು, ಆ ನಿಲುವಂಗಿ, ಆ ಕಪ್ಪು ಛಾಯೆ ಎಲ್ಲ ಅವರ ಸಲಹೆ. ಹೆಸರು ಮಾತ್ರ ಚಿತ್ರ ಬಿಡಿಸಿದ ಬಾಬ್ ಕೇನ್ ಒಬ್ಬರದೇ. ಎಷ್ಟೋ ವರ್ಷ ಆದಮೇಲೆ, 1965ರಲ್ಲಿ, ಜೆರಿ ಬೇಲ್ಸ್ ಅನ್ನುವ ಅಭಿಮಾನಿ ಫಿಂಗರ್‌ರನ್ನು ಮಾತಾಡಿಸಿ ಇದನ್ನು ಬರೆದರು. ಫಿಂಗರ್ 1974ರಲ್ಲಿ ಹೋದರು. ಅಧಿಕೃತವಾಗಿ ಅವರ ಹೆಸರು ಸೇರಿದ್ದು 2015ರಲ್ಲಿ. ಬ್ಯಾಟ್‌ಮ್ಯಾನ್ ಬರೆದವರ ಗತಿಯೇ ಹೀಗಾದರೆ, ವೋಲ್ಟಾಮೆನ್‌ಗೆ ಮಾತು ಬರೆದವನನ್ನು ಯಾರು ಕೇಳಬೇಕು?

ಬೇಲ್ಸ್ ಬಗ್ಗೆ ಒಂದು ಮಾತು, ಯಾಕಂದ್ರೆ ಮಸಿಬೆರಳು ಹೇಳಿದ ಆ ಡೇಟಾಬೇಸಿನ ಎಷ್ಟೋ ಹೆಸರುಗಳ ಬೇರು ಅಲ್ಲಿದೆ. ಅವರು ಮತ್ತು ಹೇಮ್ಸ್ ವೇರ್ ಸೇರಿ 1970ರ ದಶಕದಲ್ಲಿ ಅಮೆರಿಕನ್ ಕಾಮಿಕ್ಸ್ ಮಾಡಿದವರ ಹೆಸರಿನ ಕೋಶ ಮಾಡಿದರು, ನಾಲ್ಕು ಸಂಪುಟ. ಆಗ ಬದುಕಿದ್ದವರಿಗೆಲ್ಲ ಅಂಚೆಯಲ್ಲಿ ಪ್ರಶ್ನೆಪಟ್ಟಿ ಕಳಿಸಿ, ನೀವು ಎಲ್ಲಿ ಕೆಲಸ ಮಾಡಿದ್ರಿ, ಜೊತೆಗೆ ಯಾರಿದ್ದರು ಅಂತ ಕೇಳಿದರು. ಆ ಜನ ಸತ್ತಮೇಲೆ ಕಿವಿ ನೋಡಿ ಕಂಡುಹಿಡಿಯೋದಕ್ಕಿಂತ ಅದು ಎಷ್ಟೋ ವಾಸಿ.

ಇನ್ನೊಂದು ತಮಾಷೆ ಹೇಳಿ ಮುಗಿಸ್ತೀನಿ. ಒಂದೇ ಹೆಸರಿನ ಹಿಂದೆ ಹಲವರು ಇದ್ದದ್ದು ನಿಮ್ಮ ಹೆರಿಕ್. ಉಲ್ಟಾನೂ ಇದೆ. ಎಸಿಜಿ ಕಂಪನಿಯ ಸಂಪಾದಕ ರಿಚರ್ಡ್ ಹ್ಯೂಸ್ ತನ್ನ ಪತ್ರಿಕೆಗಳ ಬಹಳಷ್ಟು ಕಥೆಗಳನ್ನು ತಾನೇ ಬರೆದು, ಒಂದೊಂದಕ್ಕೆ ಒಂದೊಂದು ಸುಳ್ಳು ಹೆಸರು ಹಾಕುತ್ತಿದ್ದರು. ಒಗ್ಡೆನ್ ವಿಟ್ನಿ ಬಿಡಿಸಿದ ‘ಹರ್ಬಿ’ ಅಂತ ಒಂದಿದೆ. ಡುಮ್ಮ ಹುಡುಗ, ಸದಾ ಲಾಲಿಪಾಪ್ ಚೀಪುತ್ತಾ ಗಾಳಿಯಲ್ಲಿ ನಡೆದುಕೊಂಡು ಹೋಗುತ್ತಾನೆ. ಅದರ ಲೇಖಕ ‘ಶೇನ್ ಓಶೇ’ ಕೂಡ ಹ್ಯೂಸ್ ಅವರೇ. ಹಳೇಪುಟ, ಪ್ಲಾನೆಟ್ ಮುಗಿದ ಮೇಲೆ ಇದನ್ನು ಓದಿ. ನಗು ಬರದಿದ್ದರೆ ಬಂದು ನನಗೆ ಬೈಯಿರಿ.

ಹಳೇಪುಟ:

ಡೇಟಾಬೇಸ್ ನೋಡಿದೆ. ನಾಜೂಕು ಗೆರೆ ಲಿಲಿ ರೆನೆ ಅವರದೇ, ಯಂತ್ರದ್ದು ಇವಾನ್ಸ್. ಖಾಲಿಬಲೂನು ಹೇಳಿದ ಹಾಗೆ ಬರವಣಿಗೆಯ ಜಾಗದಲ್ಲಿ ಹೆರಿಕ್ ಹೆಸರೇ ಇದೆ, ಸುಳ್ಳು ಹೆಸರು ಅಂತ ಗುರುತು ಹಾಕಿ. ನಿಜವಾದ ಹೆಸರಿಲ್ಲ.

ಕಪ್ಪು ಮಸಿಯ ಸಂಚಿಕೆಯಲ್ಲಿ ಒಂದು ವಿಷಯ ಸಿಕ್ಕಿತು. ಮೂರನೇ ಪುಟದಲ್ಲಿ, ಕುಸಿದು ಬಿದ್ದ ಗೋಡೆಯ ಕಲ್ಲಿನ ಮೇಲೆ ಎರಡು ಅಕ್ಷರ ಇದ್ದ ಹಾಗಿದೆ. ಬಿರುಕು ಅಂದರೆ ಬಿರುಕು, ಅಕ್ಷರ ಅಂದರೆ ಅಕ್ಷರ. ನಮ್ಮನೆಯವರು ಅಕ್ಷರವೇ ಅಂತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಇದನ್ನು ಯಾರಿಗೆ ಹೇಳೋದು, ಹೇಗೆ ಹೇಳೋದು?

ಮಸಿಬೆರಳು:

ಮೊದಲು ಇನ್ನೊಂದು ಸ್ಕ್ಯಾನ್ ಹುಡುಕಿ. ಈ ಕಾಗದ ಅಗ್ಗದ ನ್ಯೂಸ್‌ಪ್ರಿಂಟ್, ಆಮ್ಲ ಇರುವ ಕಾಗದ, ಹಳದಿ ತಿರುಗಿ ಪುಡಿಯಾಗುತ್ತದೆ. ಮಡಿಕೆ, ಕಲೆ, ಪಕ್ಕದ ಪುಟದ ಮಸಿ ಅಂಟಿದ್ದು ಎಲ್ಲ ಅಕ್ಷರದ ಹಾಗೇ ಕಾಣುತ್ತದೆ. ಬೇರೆ ಪ್ರತಿಯ ಸ್ಕ್ಯಾನಿನಲ್ಲೂ ಅದೇ ಜಾಗದಲ್ಲಿ ಅದೇ ಗೆರೆ ಇದ್ದರೆ ಅದು ಅಚ್ಚಾದದ್ದು. ಇಲ್ಲದಿದ್ದರೆ ಅಲ್ಲಿಗೆ ಬಿಡಿ.

ಇದ್ದರೆ, ಹಿಂದಿನ ಮತ್ತು ಮುಂದಿನ ಎರಡೆರಡು ಸಂಚಿಕೆಗಳಲ್ಲಿ ಇದೇ ಕೈಯ ಕಥೆಗಳ ಕಲ್ಲು, ಮರ, ಪೆಟ್ಟಿಗೆ ಎಲ್ಲ ನೋಡಿ. ಸಹಿ ಅಡಗಿಸುವ ಚಟ ಇರುವವರು ಒಂದೇ ಸಲಕ್ಕೆ ನಿಲ್ಲಿಸಲ್ಲ. ಅದು ಪೆನ್ಸಿಲ್‌ನವರದೇ ಆಗಬೇಕಿಲ್ಲ, ಹಿನ್ನೆಲೆ ಬಿಡಿಸಿದ ಹುಡುಗನದೂ ಆಗಿರಬಹುದು.

ಮರುಮುದ್ರಣದ ಪ್ರತಿ ನೋಡಿ ಏನೂ ತೀರ್ಮಾನ ಮಾಡಬೇಡಿ. 1958ರ ನಂತರ ಐಡಬ್ಲ್ಯೂ ಅನ್ನುವ ಕಂಪನಿ ಇಂಥ ನಿಂತುಹೋದ ಕಾಮಿಕ್ಸ್‌ಗಳನ್ನೆಲ್ಲ ಮತ್ತೆ ಅಚ್ಚು ಹಾಕಿ ಮಾರಿತು. ಮುಖಪುಟ ಬೇರೆ, ಸಂಖ್ಯೆ ಬೇರೆ, ಒಳಗಿನ ಕಥೆ ಬೇರೆ. ಅದರಲ್ಲಿ ‘ಪ್ಲಾನೆಟ್’ ಹೆಸರಿನವೂ ಇವೆ.

ಆಮೇಲೆ ಡೇಟಾಬೇಸಿನಲ್ಲಿ ಖಾತೆ ತೆರೆದು ಆ ಸಂಚಿಕೆಯ ಪುಟದಲ್ಲೇ ತಿದ್ದುಪಡಿ ಕಳಿಸಿ, ಅಲ್ಲಿನವರು ಪರಿಶೀಲಿಸಿ ಸೇರಿಸುತ್ತಾರೆ. ಪುಟ ಎಷ್ಟು, ಚೌಕ ಎಷ್ಟನೆಯದು, ಯಾವ ಯಾವ ಸ್ಕ್ಯಾನಿನಲ್ಲಿ ಕಂಡಿತು ಅಂತ ಬರೆಯಿರಿ. ‘ಇಂಥವರೇ’ ಅಂತ ಹೆಸರು ಹಾಕಬೇಡಿ, ಅಕ್ಷರ ಏನು ಕಾಣುತ್ತದೋ ಅಷ್ಟೇ ಹಾಕಿ.

ಮೂರು ಸಲ ಕೇಳ್ತಿದ್ದೀನಿ: ಸಂಚಿಕೆ ಸಂಖ್ಯೆ ಎಷ್ಟು?